ದುರ್ಗವ್ವಿಯ ಹೆಬ್ಬೆಟ್ಟು

“ಸರ್, ನಂಗೆ ಇಬ್ಬರಲ್ಲ, ಮೂರು ಜನ ಇದ್ದಾರೆ,” ಎಂದು ಪ್ರಣಿತಾ ಶಾಲೆಯಲ್ಲಿ ಎತ್ತುವ ಹಾಗೆ ಕೈ ಎತ್ತಿ ಹೇಳಿದಳು.

ಕುಮಟಾ ಬಸ್‌ಸ್ಟ್ಯಾಂಡಿನ ಹತ್ತಿರ, ಮೊಬೈಲ್ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಆ ಸಣ್ಣ ಟ್ರಾವೆಲ್ಸ್ ಆಫೀಸಿನಲ್ಲಿದ್ದವರೆಲ್ಲ ಅವಳ ಕಡೆ ತಿರುಗಿದರು. ಫ್ಯಾನು ಮಾತ್ರ ತನ್ನ ಪಾಡಿಗೆ ಕಿರ್ ಕಿರ್ ಎನ್ನುತ್ತಿತ್ತು.

ಏಜೆಂಟ್ ರವೀಂದ್ರ ಆಗಷ್ಟೇ ವಿವರಿಸಿ ಮುಗಿಸಿದ್ದ. ಮಗು ಅಪ್ಪ ಅಮ್ಮನ ಜೊತೆ ಹೋಗುತ್ತಿಲ್ಲ, ರಜೆಗೆಂದು ಚಿಕ್ಕಮ್ಮನ ಜೊತೆ ಮಸ್ಕತ್ತಿಗೆ ಹೋಗುತ್ತಿದೆ. ಹಾಗಾಗಿ ಅಪ್ಪ ಅಮ್ಮ ಇಬ್ಬರೂ ‘ನಮ್ಮ ಒಪ್ಪಿಗೆ ಇದೆ’ ಎಂದು ಸ್ಟ್ಯಾಂಪ್ ಪೇಪರಿನ ಮೇಲೆ ಬರೆಸಿ, ನೋಟರಿಯ ಎದುರಿಗೆ ಸಹಿ ಹಾಕಬೇಕು. ಒಬ್ಬರ ಸಹಿ ಇಲ್ಲದಿದ್ದರೂ ಏರ್‌ಪೋರ್ಟಿನಲ್ಲಿ ತಡೆದು ನಿಲ್ಲಿಸುತ್ತಾರೆ, ಆಮೇಲೆ ತನ್ನನ್ನು ಕೇಳಬೇಡಿ ಎಂದಿದ್ದ.

ಈಗ ಅವನ ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು. “ಮೂರು ಜನ ಅಂದ್ರೆ?”

“ಅಪ್ಪ, ಅಮ್ಮ, ಮತ್ತೆ ನನ್ನ ತಕಂಡವರು. ನನ್ನ ಮಾರಿಬಿಟ್ಟಿದ್ದಾರೆ ಸರ್. ತೌಡಿಗೆ.”

ಝೆರಾಕ್ಸಿಗೆಂದು ಬಂದು ನಿಂತಿದ್ದ ಒಬ್ಬ ಹಿರಿಯರು ಕನ್ನಡಕ ಸರಿಮಾಡಿಕೊಂಡು ಅಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅಮ್ಮ ವಿನುತಾಳ ಮುಖ ಮುರುಗಲ ಹಣ್ಣಿನಷ್ಟು ಕೆಂಪಾಯಿತು. ಪ್ರಣಿತಾಳ ತೊಡೆಗೆ ಅವಳು ಮೇಜಿನ ಅಡಿಯಿಂದ ಚಿವುಟಿದಳು. ಚಿವುಟಿದ್ದು ನೋಯಲಿಲ್ಲ, ಪ್ರಣಿತಾ ಅಂಥದ್ದನ್ನೆಲ್ಲ ಮೊದಲೇ ಲೆಕ್ಕ ಹಾಕಿ ಕಾಲು ಮಡಚಿ ಕುಳಿತಿದ್ದಳು.

ಸುಳ್ಳೇನೂ ಹೇಳಿರಲಿಲ್ಲ ಅವಳು. ಅವಳಿಗಿಂತ ಮೊದಲು ಆ ಮನೆಯಲ್ಲಿ ಹುಟ್ಟಿದ ಕೂಸುಗಳು ಉಳಿದಿರಲಿಲ್ಲ. ಅದಕ್ಕೇ ಪ್ರಣಿತಾ ಹುಟ್ಟಿದಾಗ, ಹೆಸರಿಡುವುದಕ್ಕೂ ಮೊದಲೇ, ಅಜ್ಜಿ ಅವಳನ್ನು ಅಕ್ಕಿ ಗೇರುವ ಗೆರಸಿಯಲ್ಲಿ ಮಲಗಿಸಿ ಹಿತ್ತಿಲ ಬಾಗಿಲಿನ ಹೊರಗೆ ಇಟ್ಟುಬಿಟ್ಟಿದ್ದಳು. ಹೊಳೆದಂಡೆಯ ದುರ್ಗಿ ಬಂದು, ಒಂದು ಸಿದ್ದೆ ತೌಡು ಅಳೆದು ಕೊಟ್ಟು, ಕೂಸನ್ನು ಕೊಂಡುಕೊಂಡಳು. ಬಿಟ್ಟ ಕೂಸು, ಮಾರಿದ ಕೂಸು ಎಂದರೆ ಯಾವ ಕೆಟ್ಟ ಕಣ್ಣೂ ಆಸೆಪಡುವುದಿಲ್ಲ ಎಂದು ಆ ಕಡೆಯ ಹಿರಿಯರ ನಂಬಿಕೆ. ಆಮೇಲೆ ಅಜ್ಜಿ, ‘ನಿನ್ನ ಮಗುವನ್ನು ನಾವು ಸಾಕಿಕೊಡುತ್ತೇವೆ’ ಎಂದು ದುರ್ಗಿಯ ಕೈಯಿಂದ ಮತ್ತೆ ಇಸಕೊಂಡಳು. ಕೂಸು ಉಳಿಯಿತು. ಉಳಿದದ್ದಷ್ಟೇ ಅಲ್ಲ, ನಾಲ್ಕು ಮಕ್ಕಳ ಕಿತಾಪತಿಯನ್ನು ಒಬ್ಬಳೇ ಮಾಡುವಷ್ಟು ಗಟ್ಟಿಯಾಗಿ ಬೆಳೆಯಿತು.

ಅಮ್ಮ ತಡವರಿಸುತ್ತ ಇದನ್ನೆಲ್ಲ ಹೇಳಿದಾಗ ರವೀಂದ್ರ ಹೊಟ್ಟೆ ಹಿಡಿದು ನಕ್ಕ. ತನ್ನ ಅಣ್ಣನನ್ನೂ ಹೀಗೇ ಮಾರಿದ್ದರಂತೆ. ನಗು ಮುಗಿದ ಮೇಲೆ ಮಾತ್ರ ಗಂಭೀರನಾಗಿ ಪ್ರಣಿತಾಳ ಕಡೆ ಬಾಗಿದ.

“ನೋಡು ತಂಗಿ, ಏರ್‌ಪೋರ್ಟಿನಲ್ಲಿ ಆಫೀಸರು ಮಕ್ಕಳನ್ನೇ ಕೇಳ್ತಾರೆ. ಯಾರ ಜೊತೆ ಹೊರಟೆ, ಅಪ್ಪ ಅಮ್ಮ ಎಲ್ಲಿ ಅಂತ. ಅಲ್ಲಿ ನೀನು ‘ಮಾರಿದ್ದಾರೆ’ ಅಂದ್ರೆ ನಿನ್ನ ಚಿಕ್ಕಮ್ಮ ಮಸ್ಕತ್ತಿಗೆ ಹೋಗೂದಿಲ್ಲ. ಪೊಲೀಸ್ ಸ್ಟೇಷನ್ನಿಗೆ ಹೋಗ್ತಾರೆ.”

“ಅಲ್ಲಿಗೆ ಹೋಗೂಕೂ ವೀಸಾ ಬೇಕಾ ಸರ್?”

ಅಮ್ಮ ಇನ್ನೊಮ್ಮೆ ಚಿವುಟಿದಳು. ಈ ಸಲ ಸರಿಯಾದ ಜಾಗ ಸಿಕ್ಕಿತು.

ಅಷ್ಟರಲ್ಲಿ ರವೀಂದ್ರ ಕವರಿನಿಂದ ಫೋಟೋ ತೆಗೆದು ದಿಟ್ಟಿಸತೊಡಗಿದ. ಬಿಳಿ ಹಿನ್ನೆಲೆ ಸರಿ ಇತ್ತು. ಎರಡೂ ಕಿವಿ ಕಾಣಬೇಕು ಎಂಬುದು ನಿಯಮ, ಕಿವಿಯೂ ಕಾಣುತ್ತಿತ್ತು. ಆದರೆ ಕಿವಿಗಳು ಕಾಣುತ್ತಿದ್ದ ರೀತಿ ಮಾತ್ರ ವಿಚಿತ್ರವಾಗಿತ್ತು. ಬಾಗಿಲು ತೆರೆದಿಟ್ಟ ಹಾಗೆ ಎರಡೂ ಕಡೆ ಹೊರಗೆ ಚಾಚಿಕೊಂಡಿದ್ದವು. ಸ್ಟುಡಿಯೋದವನು ‘ಕಿವಿ ಕಾಣಲಿ, ಕಿವಿ ಕಾಣಲಿ’ ಎಂದು ಪದೇ ಪದೇ ಅಂದದ್ದಕ್ಕೆ ಪ್ರಣಿತಾ ಎರಡೂ ಕಿವಿಯ ಹಿಂದೆ ಒಂದೊಂದು ಹುಣಸೆಬೀಜ ಸಿಕ್ಕಿಸಿಕೊಂಡಿದ್ದಳು. ಅದು ಗೊತ್ತಾದಾಗ ಅಮ್ಮ ಹಣೆ ಹಿಡಿದುಕೊಂಡಳು. ಹೊಸ ಫೋಟೋ ತೆಗೆಸಿಕೊಂಡು, ಅಪ್ಪನನ್ನೂ ಕರೆದುಕೊಂಡು ನಾಳೆ ಬನ್ನಿ, ನೋಟರಿ ವಕೀಲರು ಇಲ್ಲಿಗೇ ಬರುತ್ತಾರೆ, ಟಿಕೆಟ್ ಆಗಿಬಿಟ್ಟಿದೆ, ಇನ್ನು ತಡ ಮಾಡಬೇಡಿ ಎಂದು ರವೀಂದ್ರ ಕಳುಹಿಸಿಕೊಟ್ಟ.

ತಮ್ಮೂರು ಅಘನಾಶಿನಿಗೆ ಹೋಗುವ ಬಸ್ಸಿನಲ್ಲಿ ಅಮ್ಮ ಬ್ಯಾಗು ತಬ್ಬಿಕೊಂಡು ಮುಖ ಬಿಗಿದು ಕುಳಿತಿದ್ದಳು. ಇಳಿಯುವಾಗ ಮಾತ್ರ ಹೇಳಿದಳು: ಮಸ್ಕತ್ತಿಗೆ ಬಟ್ಟೆಯ ಜೊತೆ ಲೆಕ್ಕದ ವರ್ಕ್‌ಬುಕ್ಕೂ ಹೋಗುತ್ತದೆ. ದಿನಾ ಎರಡು ಪುಟ. ಚಿಕ್ಕಮ್ಮ ಪವಿತ್ರಾ ಕುಳಿತು ಮಾಡಿಸುತ್ತಾಳೆ.

ಆ ವರ್ಕ್‌ಬುಕ್ ಎಷ್ಟು ದಪ್ಪ ಇತ್ತೆಂದರೆ ಅದನ್ನಿಟ್ಟು ಬಾಗಿಲು ಮುಚ್ಚದಂತೆ ತಡೆಯಬಹುದಿತ್ತು. ಸಮುದ್ರದ ಆಚೆ ಹೋದರೂ ಭಾಗಾಕಾರ ಬೆನ್ನು ಬಿಡುವುದಿಲ್ಲವೆಂದರೆ ಹೋಗಿ ಏನು ಸುಖ? ಆದರೆ ಯೋಚಿಸುತ್ತ ಮನೆಯ ಗೇಟು ಮುಟ್ಟುವಷ್ಟರಲ್ಲಿ ಪ್ರಣಿತಾಳ ತಲೆಯೊಳಗೆ ಒಂದು ಉಪಾಯ ಮೊಳಕೆಯೊಡೆದು ಎರಡು ಎಲೆಯನ್ನೂ ಬಿಟ್ಟಾಗಿತ್ತು. ಒಳಗೆ ಹೋಗದೆ ಅಲ್ಲಿಂದಲೇ ಹೊಳೆದಂಡೆಗೆ ಓಡಿದಳು.

ಅಘನಾಶಿನಿ ಹೊಳೆ ಆ ಹೊತ್ತಿಗೆ ಹಿಂದೆ ಸರಿದು, ಕೆಸರು ಮಿರಮಿರ ಮಿಂಚುತ್ತಿತ್ತು. ದುರ್ಗಿ ಮೊಣಕಾಲುದ್ದ ನೀರಿನಲ್ಲಿ ನಿಂತು ಕಾಲಿನಿಂದ ತಡವಿ ತಡವಿ ಬಳಚು ಚಿಪ್ಪು ಹೆಕ್ಕುತ್ತಿದ್ದಳು. ಚಿಪ್ಪು ಎಲ್ಲಿ ಹುದುಗಿದೆ ಎಂಬುದು ಅವಳ ಅಂಗಾಲಿಗೇ ತಿಳಿಯುತ್ತದೆ. ದಿನವೂ ನೀರಿಗಿಳಿಯುವ ಮೊದಲು ಒಂದು ಬೊಗಸೆ ನೀರೆತ್ತಿ ಕಣ್ಣಿಗೆ ಒತ್ತಿಕೊಳ್ಳದೆ ಆಕೆ ಹೊಳೆಗೆ ಕಾಲಿಟ್ಟವಳಲ್ಲ. ಹೊಳೆಯೆಂದರೆ ದೇವರು ತುಂಬಿಟ್ಟ ಕಣಜ. ತುಂಬಿದೆ ಎಂದು ಕೇಳದೆ ಕೈ ಹಾಕುವುದಕ್ಕಾಗುತ್ತದೆಯೇ?

“ದುರ್ಗವ್ವಿ, ನಂಗೆ ವೀಸಾ ಆಗ್ಬೇಕಂದ್ರೆ ನಿನ್ನ ಹೆಬ್ಬೆಟ್ಟು ಬೇಕಂತೆ,” ಎಂದು ಪ್ರಣಿತಾ ದಂಡೆಯಿಂದಲೇ ಕೂಗಿ ಹೇಳಿದಳು. “ನೀನು ನನ್ನ ತಕಂಡವಳಲ್ಲ. ನೀ ಒಪ್ಪದಿದ್ರೆ ವಿಮಾನ ಹತ್ತಿಸೂದಿಲ್ಲಂತೆ.”

ದುರ್ಗಿ ಸೊಂಟ ನೆಟ್ಟಗೆ ಮಾಡಿ ನಿಂತಳು.

“ಮಸ್ಕತ್ತಿಗೆ ಹೋಗೂದು ಗೊತ್ತದೆ,” ಎಂದಳು. “ಬಸ್ಸಿನ ಕಂಡಕ್ಟರ ಹೇಳ್ದ.”

ಅವಳು ಅದನ್ನು ಹೇಳಿದ ಬಗೆಯನ್ನು ಪ್ರಣಿತಾ ಗಮನಿಸಲಿಲ್ಲ. ತನ್ನ ಉಪಾಯವನ್ನು ಒಪ್ಪಿಸುವ ಆತುರದಲ್ಲಿದ್ದಳು ಅವಳು. ಸಂಜೆ ದುರ್ಗಿ ಮನೆಗೆ ಬರಬೇಕು. ‘ಲೆಕ್ಕದ ಪುಸ್ತಕ ಮನೆಯಲ್ಲೇ ಬಿಟ್ಟು ಹೋದರೆ ಮಾತ್ರ ಹೆಬ್ಬೆಟ್ಟು ಒತ್ತುತ್ತೇನೆ’ ಎಂದು ಗಟ್ಟಿಯಾಗಿ ಹೇಳಬೇಕು. ಅಜ್ಜಿ ದುರ್ಗಿಯ ಮಾತನ್ನು ಎಂದೂ ತೆಗೆದುಹಾಕುವವಳಲ್ಲ. ಅಜ್ಜಿ ಹೇಳಿದರೆ ಅಮ್ಮ ಎದುರಾಡುವವಳಲ್ಲ. ಎಲ್ಲ ಸರಿಯಾಗಿ ಕೂಡಿ ಬರುತ್ತಿತ್ತು. ಲೆಕ್ಕದಲ್ಲಿ ಹಿಂದೆ ಇದ್ದರೂ ಇಂಥ ಲೆಕ್ಕದಲ್ಲಿ ಪ್ರಣಿತಾ ಯಾವಾಗಲೂ ಮುಂದೆ.

ದುರ್ಗಿ ಕೇಳಿಸಿಕೊಂಡಳು. ಆಗಲಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಬಗ್ಗಿ ಮತ್ತೆ ಕೆಸರಿಗೆ ಕೈ ಹಾಕಿದಳು.

ಸಂಜೆ ಅಜ್ಜಿ ತುಳಸಿಗೆ ದೀಪವಿಟ್ಟು ಕೈಮುಗಿದು ತಿರುಗುವಷ್ಟರಲ್ಲಿ ದುರ್ಗಿ ಅಂಗಳದಲ್ಲಿದ್ದಳು. ಮೆಟ್ಟಿಲಿನ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡಳು. ಅಪ್ಪ ಶ್ರೀಧರ ಮೀನಿನ ಗಾಡಿ ತೊಳೆಯುವುದನ್ನು ನಿಲ್ಲಿಸಿ ಬಂದ. ಪ್ರಣಿತಾ ಬಾಗಿಲಿನ ಹಿಂದೆ ನಿಂತು ತುಟಿ ಕಚ್ಚಿ ನಗು ತಡೆದುಕೊಂಡಳು.

“ಹೆಣ್ಣು ಮಸ್ಕತ್ತಿಗೆ ಹೋಗೂದಕ್ಕೆ ನನ್ನ ಹೆಬ್ಬೆಟ್ಟು ಬೇಕಂತಲ್ಲ,” ಎಂದಳು ದುರ್ಗಿ. “ನಾ ಒಪ್ಪೂದಿಲ್ಲ.”

ಪ್ರಣಿತಾ ಕಾದಳು. ಈಗ ಲೆಕ್ಕದ ಪುಸ್ತಕದ ಮಾತು ಬರಬೇಕು. ಬರಲಿಲ್ಲ. ಬಾಗಿಲ ಸಂದಿಯಿಂದ ಕೈಯಲ್ಲೇ ಪುಸ್ತಕದ ಪುಟ ಮಗುಚುವ ಸನ್ನೆ ಮಾಡಿ ತೋರಿಸಿದಳು. ದುರ್ಗಿ ಅತ್ತ ನೋಡಲೇ ಇಲ್ಲ.

ಅಮ್ಮ ನಗುತ್ತ, ಅದು ಈ ಹುಡುಗಿಯ ಕಿತಾಪತಿ, ಆಫೀಸಿನಲ್ಲೂ ಹೀಗೇ ಮಾನ ಕಳೆದಳು ಎಂದು ಹೇಳಹೊರಟಳು. ಅಜ್ಜಿ ಕೈ ಎತ್ತಿ ಅವಳನ್ನು ತಡೆದಳು. ಅಜ್ಜಿಯ ಮುಖದಲ್ಲಿ ನಗು ಇರಲಿಲ್ಲ. ಮೆಲ್ಲಗೆ ಬಂದು ದುರ್ಗಿಯ ಪಕ್ಕದಲ್ಲಿ ಅದೇ ಮೆಟ್ಟಿಲಿನ ಮೇಲೆ ಕುಳಿತುಬಿಟ್ಟಳು.

“ವಿನುತಾ, ನೀನು ದುರ್ಗಿಯನ್ನ ಕೇಳ್ಲಿಲ್ವಾ?”

ನೀವು ಕೇಳಿರುತ್ತೀರಿ ಎಂದುಕೊಂಡಿದ್ದೆ ಎಂದಳು ಅಮ್ಮ. ಅಜ್ಜಿಯೂ ಅಮ್ಮ ಕೇಳಿರುತ್ತಾಳೆ ಎಂದುಕೊಂಡಿದ್ದಳು. ಪಾಸ್‌ಪೋರ್ಟಿಗೆಂದು ಓಡಾಡುವುದು, ಬರ್ತ್ ಸರ್ಟಿಫಿಕೇಟು ಹುಡುಕುವುದು, ಹೊನ್ನಾವರದ ಗಂಡನ ಮನೆಯಲ್ಲಿದ್ದ ಪವಿತ್ರಾಳಿಂದ ವೀಸಾದ ನಕಲು ತರಿಸುವುದು, ಇದರ ಗಡಿಬಿಡಿಯಲ್ಲಿ ಒಬ್ಬರ ಮೇಲೊಬ್ಬರು ಬಿಟ್ಟು ಎಲ್ಲರೂ ಮರೆತಿದ್ದರು.

ಮರೆಯುವಂಥ ಸಂಗತಿ ಅದಾಗಿರಲಿಲ್ಲ. ಪ್ರಣಿತಾಳ ಕಿವಿ ಚುಚ್ಚಿಸುವಾಗ ದುರ್ಗಿಯನ್ನು ಕೇಳಿದ್ದರು. ಶಾಲೆಗೆ ಸೇರಿಸುವಾಗ ಕೇಳಿದ್ದರು. ಮೊದಲ ಸಲ ದೂರದ ದೇವಸ್ಥಾನಕ್ಕೆ ಕರೆದುಕೊಂಡು ಹೋಗುವಾಗಲೂ ಅಜ್ಜಿ ಎಲೆ ಅಡಿಕೆ ಹಿಡಿದು ಹೊಳೆದಂಡೆಗೆ ಹೋಗಿ, ‘ನಿನ್ನ ಮಗುವನ್ನು ಕರೆದುಕೊಂಡು ಹೋಗಿ ಬರಲೇ’ ಎಂದು ಕೇಳಿಯೇ ಹೊರಟಿದ್ದಳು. ದೇವರ ಎದುರಿಗೆ ಕೊಟ್ಟುಬಿಟ್ಟದ್ದು ಎಂದ ಮೇಲೆ ಅದು ಕೊಟ್ಟದ್ದೇ ಎಂದು ಅಜ್ಜಿಯ ಮಾತು.

“ತಪ್ಪಾತು ದುರ್ಗಿ,” ಎಂದಳು ಅಜ್ಜಿ. “ನೀ ಹೂಂ ಅನ್ನದೆ ಹೆಣ್ಣು ಹೊಸಿಲು ದಾಟೂದಿಲ್ಲ.”

ಬಾಗಿಲಿನ ಹಿಂದೆ ಪ್ರಣಿತಾಳ ನಗು ಎಲ್ಲಿ ಹೋಯಿತೋ. ಟಿಕೆಟ್ ಆಗಿದೆ, ನಾಳೆ ನೋಟರಿ ಬರುತ್ತಾರೆ ಎಂದು ಅಪ್ಪ ಮೆಲ್ಲಗೆ ನೆನಪಿಸಿದ. ಅಜ್ಜಿ ಅಲ್ಲಾಡಲಿಲ್ಲ.

ದುರ್ಗಿ ಎದ್ದಳು. ನಾಳೆ ತಾನೂ ಕುಮಟೆಗೆ ಬರುತ್ತೇನೆ, ಆ ಕಾಗದ ಎಂಥದ್ದೋ, ಹೆಬ್ಬೆಟ್ಟು ಎಲ್ಲಿ ಒತ್ತಬೇಕೋ ನೋಡಿ ಹೇಳುತ್ತೇನೆ ಎಂದಳು. ಅಜ್ಜಿ ಗೇಟಿನವರೆಗೆ ಅವಳ ಜೊತೆ ಹೋದಳು. ಅಲ್ಲಿ ಇಬ್ಬರೂ ನಿಂತು ಬಹಳ ಹೊತ್ತು ಗುಸುಗುಸು ಮಾತಾಡಿದರು. ಏನು ಮಾತು ಎಂದು ಕೇಳಿಸಲಿಲ್ಲ.

ಪ್ರಣಿತಾಳಿಗೆ ಅನ್ನ ಸೇರಲಿಲ್ಲ. ಹೆಬ್ಬೆಟ್ಟು ಬೇಕು ಎಂದು ಹೇಳಿದವರೇ ಇಲ್ಲ. ಆ ಆಫೀಸಿನಲ್ಲಿ ದುರ್ಗವ್ವಿ ಬೆರಳು ಚಾಚಿ ನಿಂತಾಗ ರವೀಂದ್ರ ನಕ್ಕುಬಿಟ್ಟರೆ? ನಾಲ್ಕು ಜನರೆದುರು ಸುಳ್ಳು ಬಯಲಾದರೆ ದುರ್ಗವ್ವಿಗೆ ಸಿಟ್ಟು ಬಾರದೆ ಇರುತ್ತದೆಯೇ? ಸಿಟ್ಟು ಬಂದರೆ ಹೂಂ ಅನ್ನುತ್ತಾಳೆಯೇ? ಅವಳು ಹೂಂ ಅನ್ನದಿದ್ದರೆ ಮಸ್ಕತ್ತೂ ಇಲ್ಲ, ವಿಮಾನವೂ ಇಲ್ಲ.

ಮರುದಿನ ಬಸ್ಸಿನಲ್ಲಿ ದುರ್ಗಿ ಪ್ರಣಿತಾಳ ಪಕ್ಕದಲ್ಲೇ ಕುಳಿತಳು. ಹಬ್ಬಕ್ಕೆ ಉಡುವ ಹಸಿರು ಸೀರೆ ಉಟ್ಟಿದ್ದಳು. ಮುಡಿಯಲ್ಲಿ ಅಬ್ಬಲಿಗೆ ಹೂವಿತ್ತು. ಬಸ್ಸು ತಿರುವಿನಲ್ಲಿ ಹೊರಳಿದಾಗ ಕಿಟಕಿಯಾಚೆ ಹೊಳೆ ಕಂಡಿತು. ನೀರು ಇಳಿದು, ಬಳಚು ಹೆಕ್ಕುವವರೆಲ್ಲ ಬುಟ್ಟಿ ಹಿಡಿದು ಕೆಸರಿಗಿಳಿದಿದ್ದರು. ದುರ್ಗಿ ಒಮ್ಮೆ ಅತ್ತ ನೋಡಿ, ಕೈಯನ್ನು ಪ್ರಣಿತಾಳ ಮುಂದೆ ಚಾಚಿದಳು.

“ಬೂದಿ ಹಚ್ಚಿ ತೆಂಗಿನ ಸಿಪ್ಪೆಯಿಂದ ತಿಕ್ಕಿದ್ದೆ. ಚೊಕ್ಕ ಆಯ್ದಾ ನೋಡು.”

ಪ್ರಣಿತಾ ಆ ಹೆಬ್ಬೆರಳನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಚಿಪ್ಪಿನ ಅಂಚು ತಾಗಿ ತಾಗಿ ಬೆರಳಿನ ತುದಿಯಲ್ಲಿ ಹಳೆಯ ಗೀರುಗಳು ಒಂದರ ಮೇಲೊಂದು ಬಿದ್ದಿದ್ದವು. ಬೆರಳಿನ ಗೆರೆ ಯಾವುದು, ಗಾಯದ ಗೆರೆ ಯಾವುದು ಎಂದು ತಿಳಿಯುತ್ತಿರಲಿಲ್ಲ. ಆಗಿದೆ ಎಂದು ಹೇಳಿ ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಹೇಳಿಬಿಡಬೇಕು ಎಂದು ಎರಡು ಮೂರು ಸಲ ಬಾಯಿ ತೆರೆದಳು. ಪ್ರತಿ ಸಲವೂ ಯಾವುದೋ ಸ್ಟಾಪು ಬಂದುಬಿಡುತ್ತಿತ್ತು.

ಆಫೀಸಿನಲ್ಲಿ ಎಲ್ಲ ಸಿದ್ಧವಾಗಿತ್ತು. ಹೊಸ ಫೋಟೋದಲ್ಲಿ ಪ್ರಣಿತಾಳ ಕಿವಿಗಳು ಸಾಧು ಪ್ರಾಣಿಗಳ ಹಾಗೆ ತಮ್ಮ ಜಾಗದಲ್ಲಿ ಕುಳಿತಿದ್ದವು. ನೋಟರಿ ವಕೀಲರು ಕಾಗದವನ್ನು ಗಟ್ಟಿಯಾಗಿ ಓದಿದರು. ಇಂಥವರ ಮಗಳು, ಇಂಥ ಊರು, ಚಿಕ್ಕಮ್ಮನ ಜೊತೆ ಹೋಗಿ ಬರಲು ನಮ್ಮ ಪೂರ್ಣ ಒಪ್ಪಿಗೆ ಇದೆ ಎಂದು ಅದರಲ್ಲಿತ್ತು. ‘ನಿಮಗೆ ಒಪ್ಪಿಗೆಯೇ’ ಎಂದು ವಕೀಲರು ಅಪ್ಪನನ್ನು ಕೇಳಿದರು. ಅಪ್ಪ ಹೌದೆಂದು ಸಹಿ ಹಾಕಿದ. ಅಮ್ಮನನ್ನೂ ಕೇಳಿದರು. ಅಮ್ಮ ಸೆರಗಿನಿಂದ ಬೆವರು ಒರೆಸಿಕೊಂಡು ಸಹಿ ಹಾಕಿದಳು.

ಗೋಡೆಯ ಬದಿಯ ಕುರ್ಚಿಯಿಂದ ದುರ್ಗಿ ಎದ್ದು ಬಂದು ಮೇಜಿನ ಮುಂದೆ ನಿಂತಳು. ಸೀರೆಯ ನೆರಿಗೆ ಸರಿಮಾಡಿಕೊಂಡು ಹೆಬ್ಬೆಟ್ಟು ಮುಂದೆ ಮಾಡಿದಳು.

“ನಂದು ಎಲ್ಲಿ ಸ್ವಾಮಿ?”

ವಕೀಲರು ರವೀಂದ್ರನ ಮುಖ ನೋಡಿದರು. ರವೀಂದ್ರ ಅಮ್ಮನ ಮುಖ ನೋಡಿದ. ಅವನ ತುಟಿಯ ಮೂಲೆಯಲ್ಲಿ ನಗು ಇಣುಕಿದ್ದು ಪ್ರಣಿತಾಳಿಗೆ ಕಂಡಿತು. ಅದು ಹೊರಗೆ ಬರುವ ಮೊದಲೇ ಅವಳು ಹಾರಿ ಬಂದು ಆ ಚಾಚಿದ ಕೈಯನ್ನು ಎರಡೂ ಕೈಯಿಂದ ಹಿಡಿದಳು. ದುರ್ಗವ್ವಿಯ ಹತ್ತಿರ ತನಗೆ ಅರ್ಜೆಂಟ್ ಮಾತಿದೆ ಎಂದು ಹೇಳಿ ಅವಳನ್ನು ಎಳೆದುಕೊಂಡು ಹೊರಗೆ ಮಹಡಿಯ ಮೆಟ್ಟಿಲಿಗೆ ಬಂದಳು.

“ನಿನ್ನ ಹೆಬ್ಬೆಟ್ಟು ಬೇಡ ಅವರಿಗೆ,” ಎಂದಳು ಒಂದೇ ಉಸಿರಿಗೆ. “ಯಾರೂ ಕೇಳ್ಲಿಲ್ಲ. ನಾನೇ ಸುಳ್ಳು ಹೇಳ್ದೆ. ಲೆಕ್ಕದ ಪುಸ್ತಕ ತಪ್ಪಿಸೂಕೆ.”

ದುರ್ಗಿ ಮೆಟ್ಟಿಲಿನ ಮೇಲೆ ಸೆರಗು ಹಾಸಿ ಆರಾಮವಾಗಿ ಕುಳಿತಳು. ಸೊಂಟದ ಚೀಲದಿಂದ ಎಲೆ ಅಡಿಕೆ ತೆಗೆದಳು.

“ಗೊತ್ತದೆ.”

“ಗೊತ್ತದೆ ಅಂದ್ರೆ?”

“ನಿನ್ನೆನೇ ಗೇಟಿನ ಹತ್ರ ನಿನ್ನ ಅಜ್ಜಿ ಎಲ್ಲ ಹೇಳ್ದಳು.”

ಪ್ರಣಿತಾಳ ಬಾಯಿ ತೆರೆದದ್ದು ತೆರೆದೇ ಇತ್ತು. ಹಾಗಾದರೆ ಆ ಬೂದಿ, ಆ ತೆಂಗಿನ ಸಿಪ್ಪೆ, ‘ಚೊಕ್ಕ ಆಯ್ದಾ ನೋಡು’ ಎಂದು ಬೆರಳು ತೋರಿಸಿದ್ದು, ಈಗ ವಕೀಲರ ಮುಂದೆ ನೆರಿಗೆ ಸರಿಮಾಡಿಕೊಂಡು ನಿಂತದ್ದು, ಎಲ್ಲ ಬೇಕೆಂದೇ ಮಾಡಿದ್ದೇ? ಇಡೀ ಊರಿನಲ್ಲಿ ಕಿತಾಪತಿಗೆ ತಾನೊಬ್ಬಳೇ ಎಂದು ತಿಳಿದಿದ್ದ ಅವಳು ದುರ್ಗವ್ವಿಯನ್ನು ಬೆರಗಾಗಿ ನೋಡಿದಳು. ದುರ್ಗಿ ಎಲೆಗೆ ಸುಣ್ಣ ಸವರುತ್ತಿದ್ದಳು. ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ಮತ್ತೆ ಎಂತಕ್ಕೆ ಬಂದೆ? ಹೊಳೆಗೂ ಹೋಗದೆ?”

“ಹಿಂಗೇ. ನೋಡುವಾ ಅಂತ,” ಎಂದಳು ದುರ್ಗಿ. “ನಿನ್ನ ಕಳಿಸೂಕೆ ಅಪ್ಪನ್ನ ಕೇಳ್ತಾರೆ. ಅಮ್ಮನ್ನ ಕೇಳ್ತಾರೆ. ಕಿವಿ ಕಾಣ್ತದಾ ಅಂತ ಕೇಳ್ತಾರೆ. ಚಲೋ ಪದ್ಧತಿ. ಕೇಳೂದನ್ನ ನೋಡಿ ಹೋಗುವಾ ಅನಿಸ್ತು.”

ಅವಳು ಎಲೆಯನ್ನು ಮಡಚಿ ಬಾಯಿಗಿಟ್ಟುಕೊಂಡು ಕೆಳಗಿನ ರಸ್ತೆಯ ಕಡೆ ನೋಡತೊಡಗಿದಳು. ಹೊನ್ನಾವರದ ಬಸ್ಸೊಂದು ಹಾರ್ನ್ ಹೊಡೆಯುತ್ತ ಹಿಂದೆ ಸರಿಯುತ್ತಿತ್ತು.

ಪ್ರಣಿತಾ, ಮಸ್ಕತ್ತಿಗೆ ಹೋಗುವುದನ್ನು ತಾನು ಯಾರ್ಯಾರಿಗೆ ಹೇಳಿದ್ದೆ ಎಂದು ನೆನಪಿಸಿಕೊಂಡಳು. ಇಡೀ ಕ್ಲಾಸಿಗೆ ಹೇಳಿದ್ದಳು. ಟೀಚರಿಗೆ, ಐಸ್‌ಕ್ಯಾಂಡಿ ಮಾರುವವನಿಗೆ ಹೇಳಿದ್ದಳು. ಬಸ್ಸಿನ ಕಂಡಕ್ಟರನಿಗೆ ಟಿಕೆಟ್ ತೆಗೆಯುವ ಮೊದಲೇ ಹೇಳಿದ್ದಳು. ಪಕ್ಕದ ಮನೆಯ ಬೆಕ್ಕನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದಕ್ಕೂ ಹೇಳಿದ್ದಳು. ಹೊಳೆದಂಡೆಗೆ ಹೋದದ್ದು ಮಾತ್ರ ಹೆಬ್ಬೆಟ್ಟು ಬೇಕಾದಾಗ.

ಚಪ್ಪಲಿ ಕಳಚಿಟ್ಟಳು. ಎರಡು ಮೆಟ್ಟಿಲು ಕೆಳಗಿಳಿದು ದುರ್ಗಿಗೆ ಎದುರಾಗಿ ನಿಂತಳು. ಅಜ್ಜಿ ಹೀಗೇ ನಿಲ್ಲುತ್ತಿದ್ದಳು. ಅಜ್ಜಿಯ ಕೈಯಲ್ಲಾದರೆ ಎಲೆ ಅಡಿಕೆ ಇರುತ್ತಿತ್ತು. ತನ್ನ ಕೈಯಲ್ಲಿ ಏನೂ ಇರಲಿಲ್ಲ. ಎರಡೂ ಕೈಯನ್ನು ಫ್ರಾಕಿಗೆ ಒರೆಸಿಕೊಂಡಳು.

“ದುರ್ಗವ್ವಿ, ನಾ ಮಸ್ಕತ್ತಿಗೆ ಹೋಗಿ ಬರ್ಲಾ?”

ದುರ್ಗಿ ಅವಳನ್ನು ನೋಡಿದಳು. ಒಂದು ಗಳಿಗೆ ಅವಳ ಕೆನ್ನೆ ಮೇಲೆ ಕೆಳಗೆ ಆಡುವುದೂ ನಿಂತಿತು. ಆಮೇಲೆ ಮತ್ತೆ ನಿಧಾನವಾಗಿ ಎಲೆ ಅಗಿಯತೊಡಗಿದಳು.

“ವಿಚಾರ ಮಾಡ್ತೆ,” ಎಂದಳು.

ಒಬ್ಬರು ಕೈಯಲ್ಲಿ ಕಾಗದದ ಕಟ್ಟು ಹಿಡಿದು ಮೆಟ್ಟಿಲೇರಿ ಬಂದರು. ದುರ್ಗಿ ಜಾಗ ಬಿಟ್ಟುಕೊಟ್ಟಳು. ಅವರು ದಾಟಿ ಹೋದ ಮೇಲೆ ಮತ್ತೆ ಮೊದಲಿನ ಹಾಗೆ ಕುಳಿತಳು. ಬೇಗ ಹೇಳು ಎನ್ನಲು ಪ್ರಣಿತಾಳಿಗೆ ಮನಸ್ಸಾಗಲಿಲ್ಲ. ಕೊಡುವವರು ಯೋಚಿಸಲಿ, ಕೇಳಿದವರು ನಿಲ್ಲಬೇಕು.

ರವೀಂದ್ರ ಬಾಗಿಲಿನಿಂದ ತಲೆ ಹೊರಗೆ ಹಾಕಿದ. ಸೀಲು ಒತ್ತಿದ್ದಾಯಿತು, ಕಾಗದವೆಲ್ಲ ಪೂರ್ತಿಯಾಯಿತು, ಇನ್ನು ಯಾರದ್ದೂ ಏನೂ ಬಾಕಿ ಇಲ್ಲ, ಒಳಗೆ ಬನ್ನಿ ಎಂದ.

ಪ್ರಣಿತಾ ದುರ್ಗಿಯ ಮುಖದಿಂದ ಕಣ್ಣು ತೆಗೆಯಲಿಲ್ಲ.

“ಇನ್ನೂ ಆಗ್ಲಿಲ್ಲ ಸರ್,” ಎಂದಳು ಮೆಲ್ಲಗೆ. “ಸ್ವಲ್ಪ ತಡೀರಿ.”